ನಮ್ಮ ಪಿ.ಟಿ. ಸರ್ ಮತ್ತು ಜಪಾನಿನ ಮೂರನೇ ದರ್ಜೆ

ಯಾದಗಿರಿಯಲ್ಲಿ ಅವರ ನಿವೃತ್ತಿಯ ಬೀಳ್ಕೊಡುಗೆ. ವೇದಿಕೆಯ ನಡುವೆ ಅವರಿಗೆಂದೇ ಹಾಕಿದ್ದ ಕುರ್ಚಿ ಕಡೆಯವರೆಗೂ ಖಾಲಿ ಉಳಿಯಿತು. ಹಾರ ಹಾಕುವಾಗ ಬಂದು ನಿಂತರು, ಶಾಲು ಹೊದಿಸುವಾಗ ಬಂದು ನಿಂತರು. ಉಳಿದ ಹೊತ್ತೆಲ್ಲ ಬಾಗಿಲ ಹತ್ತಿರ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಯಾವುದೋ ಬಸ್ಸು ತಪ್ಪುತ್ತದೆ ಎನ್ನುವವರ ಹಾಗೆ ನಿಂತಿದ್ದರು. ಮುಖ್ಯಗುರುಗಳು ಮೈಕಿನಲ್ಲಿಯೇ, "ಇವತ್ತಾದ್ರೂ ಕೂಡ್ರಿ ಸರ್" ಎಂದಾಗ ಎಲ್ಲರೂ ನಕ್ಕರು. ಅವರೂ ನಕ್ಕರು. ಕೂಡಲಿಲ್ಲ.

ಹಳೆಯ ಸಹೋದ್ಯೋಗಿ ಎಂದು ನನ್ನನ್ನು ಸುರಪುರದಿಂದ ಕರೆಸಿದ್ದರು. ಎರಡು ನಿಮಿಷ ಮಾತಾಡಲು ಹೇಳಿದರು. ನಾನು ಶಿಸ್ತು, ಸರಳತೆ, ಸಮಯಪಾಲನೆ ಎಂದೆ. ನಿವೃತ್ತರಾಗುವ ಎಲ್ಲರ ಬಗ್ಗೆಯೂ ಹೇಳುವ ಮಾತು. ಅದರಲ್ಲಿ ಸಮಯಪಾಲನೆಯಂತೂ ಶುದ್ಧ ಸುಳ್ಳು. ಅವರು ಎಲ್ಲಿಗೂ ಅರ್ಧ ತಾಸು ಮೊದಲೇ ಬಂದು, ಕಾಯಲಾರದೆ ಹೊರಟುಹೋಗಿ, ಬೇಕಾದ ಹೊತ್ತಿಗೆ ಸಿಗುತ್ತಿರಲಿಲ್ಲ. ವೇದಿಕೆಯಿಂದ ಇಳಿದು ಬರುವಾಗ ನನ್ನ ಮುಖ ಬಿಸಿಯಾಗಿತ್ತು. ಹೇಳಬೇಕಾಗಿದ್ದುದು ಬೇರೆಯೇ ಇತ್ತು. ಅದನ್ನು ಹೇಳಹೊರಟರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತದೆ. ಎರಡು ನಿಮಿಷಕ್ಕೆ ಅದು ಮುಗಿಯುವಂಥದಲ್ಲ.

ಸುರಪುರ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾವಿಬ್ಬರೂ ಒಂಬತ್ತು ವರ್ಷ ಒಟ್ಟಿಗಿದ್ದೆವು. ನಾನು ಗಣಿತ, ಅವರು ದೈಹಿಕ ಶಿಕ್ಷಣ. ಎಲ್ಲರಿಗೂ ಅವರು ಪಿ.ಟಿ. ಸರ್. ಸಣ್ಣ ಮೈ, ಸದಾ ಬಿಸಿಲು ತಿಂದ ಮುಖ, ಮಾತಿಗಿಂತ ಮೊದಲೇ ಓಡುವ ಕೈ. ಊಟವನ್ನೂ ನಿಂತೇ ಮಾಡುತ್ತಿದ್ದರು. ರೊಟ್ಟಿಗೆ ಶೇಂಗಾ ಹಿಂಡಿ ಸವರಿ ಸುರುಳಿ ಸುತ್ತಿ, ಕಿಟಕಿಯಲ್ಲಿ ನಿಂತು ಮೈದಾನ ನೋಡುತ್ತ ತಿನ್ನುವುದು. ಅರ್ಧ ರೊಟ್ಟಿ ಕೈಯಲ್ಲಿರುವಾಗಲೇ ಏನೋ ಕಂಡು ಹೊರಗೆ ಓಡುವುದು.

ಹತ್ತನೆಯ ಇಯತ್ತೆಯ ಫಲಿತಾಂಶ ಬಂದ ದಿನ ನಾವೆಲ್ಲ ಯಾರು ಮೊದಲು ಬಂದರು ಎಂದು ಹುಡುಕುತ್ತಿದ್ದರೆ ಅವರು ನನ್ನ ಭುಜದ ಮೇಲಿಂದ ಬಗ್ಗಿ, "ಕಡೀಗೆ ಯಾರ್ ಬಂದಾರ್ರೀ ಮೇಡಂ?" ಎಂದು ಕೇಳುತ್ತಿದ್ದರು. ಹೆಸರು ಹೇಳಿದರೆ ಆ ಸಂಜೆಯೇ ಆ ಮಗುವಿನ ಮನೆಗೆ ಹೋಗುತ್ತಿದ್ದರು. ಅಲ್ಲಿ ಏನು ಮಾತಾಡುತ್ತಿದ್ದರೋ ನನಗೆ ಗೊತ್ತಿಲ್ಲ. ಒಮ್ಮೆ ಕೇಳಿದೆ. "ಏನಿಲ್ರಿ. ಚಹಾ ಕುಡದು ಬರ್ತೀನಿ. ಯಾರರೆ ಬಂದ್ರಲ್ಲ ಅನಸ್ತದ ಅವ್ರಿಗಿ" ಎಂದರು.

ಪಿ.ಟಿ. ಸರ್ ಮನೆ ಸುರಪುರದ ರಂಗಂಪೇಟೆಯಲ್ಲಿತ್ತು. ಅವರ ಅಪ್ಪ ಹೊಲಗೂಲಿ ಮಾಡುತ್ತಿದ್ದವರು. ಅಪ್ಪನ ಕಾಲಕ್ಕೇ ಮನೆಯವರು ಬೌದ್ಧರಾಗಿದ್ದರು. ಪಡಸಾಲೆಯಲ್ಲಿ ಬುದ್ಧನ ಪಟ, ಅದರ ಪಕ್ಕದಲ್ಲಿ ಜಪಾನ್ ದೇಶದ ನಕಾಶೆ. ನಕಾಶೆಯಲ್ಲಿ ಸಮುದ್ರದ ಅಂಚಿಗೆ ಪೆನ್ನಿನಿಂದ ಒತ್ತಿ ಹಾಕಿದ ಒಂದು ಚುಕ್ಕಿ. ಮೊದಲ ಸಲ ನೋಡಿದಾಗ ಅದೂ ಬುದ್ಧನ ಸಂಬಂಧದ್ದೇ ಇರಬೇಕೆಂದುಕೊಂಡೆ. ಅರ್ಧ ಹೌದು, ಅರ್ಧ ಅಲ್ಲ.

ಶಹಾಪುರದ ಬೆಟ್ಟ ದೂರದಿಂದ ನೋಡಿದರೆ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಅದನ್ನು ನೋಡಲು ಪರದೇಶದವರೂ ಆಗಾಗ ಬರುತ್ತಾರೆ. ಹಾಗೆ ಬಂದ ಜಪಾನಿನವನೊಬ್ಬ ಬೆಟ್ಟ ನೋಡಿ, ಹಳೆಯ ಬೌದ್ಧ ಸ್ತೂಪವಿರುವ ಸನ್ನತಿಗೆ ಹೋಗಬೇಕೆಂದವನು, ಹೊಟ್ಟೆ ಕೆಟ್ಟು ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕುಸಿದು ಕೂತಿದ್ದ. ತಾಲೂಕು ಕ್ರೀಡಾಕೂಟಕ್ಕೆ ಹೋಗಿದ್ದ ನಮ್ಮ ಪಿ.ಟಿ. ಸರ್ ಅವನನ್ನು ದವಾಖಾನೆಗೆ ಒಯ್ದು, ಸೂಜಿ ಹಾಕಿಸಿ, ಅಲ್ಲಿಂದ ನೆಟ್ಟಗೆ ಮನೆಗೆ ಕರೆತಂದರು. ನಾಲ್ಕು ದಿನ ಜೋಳದ ಗಂಜಿ, ಮಜ್ಜಿಗೆ. ಇಬ್ಬರ ಇಂಗ್ಲಿಷೂ ಕುಂಟುತ್ತಿತ್ತು, ಆದರೆ ಒಂದೇ ಕಾಲಿಗೆ ಕುಂಟುತ್ತಿದ್ದುದರಿಂದ ಜೋಡಿ ಚೆನ್ನಾಗಿತ್ತು.

ಅವನು ಸಮುದ್ರದಂಡೆಯ ಸಣ್ಣ ಊರಿನವನು. ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕೆಲಸ. ಆ ಊರಿಗೊಂದು ಫುಟ್‌ಬಾಲ್ ತಂಡ. ಪಂದ್ಯದ ದಿನ ಇವನು ಡೊಳ್ಳಿನಂಥದೊಂದನ್ನು ಬಾರಿಸುತ್ತ ತಂಡಕ್ಕೆ ಹುರುಪು ತುಂಬುವವನು. ತಂಡ ದೊಡ್ಡದಲ್ಲ. ರಂಗಂಪೇಟೆಯ ಮನೆಯ ಮೆಟ್ಟಿಲ ಮೇಲೆ ಹರಳು ಇಟ್ಟು ಅವನು ತಿಳಿಸಿಕೊಟ್ಟನಂತೆ. ಮೇಲಿನ ಮೆಟ್ಟಿಲು ಅವರ ದೇಶದ ಮೊದಲ ದರ್ಜೆ, ಟಿ.ವಿ.ಯಲ್ಲಿ ಬರುವವರು. ಅದರ ಕೆಳಗೆ ಎರಡನೆಯದು, ಅದರ ಕೆಳಗೆ ಮೂರನೆಯದು. ಮೂರನೆಯದರಲ್ಲಿ ಎಷ್ಟೋ ಆಟಗಾರರು ಬೆಳಿಗ್ಗೆ ಅಭ್ಯಾಸ ಮಾಡಿ ಮಧ್ಯಾಹ್ನ ಅಂಗಡಿಯಲ್ಲಿ ಸಾಮಾನು ಜೋಡಿಸುವವರು. ಅದಕ್ಕೂ ಕೆಳಗೆ ಕಂಪನಿಗಳ ತಂಡ, ಜಿಲ್ಲೆಗಳ ತಂಡ. ವರ್ಷದ ಕೊನೆಗೆ ಮೇಲಿನ ಮೆಟ್ಟಿಲಲ್ಲಿ ಕಡೆಗೆ ಬಂದವರು ಇಳಿಯಬೇಕು, ಕೆಳಗಿನ ಮೆಟ್ಟಿಲಲ್ಲಿ ಮುಂದಿದ್ದವರು ಏರಬೇಕು. ಅವನ ತಂಡ ಆಗ ಮೂರನೆಯ ಮೆಟ್ಟಿಲಿನಲ್ಲಿತ್ತು.

"ಏನ್ ಸಾದಾ ಕಾಯ್ದೆ ನೋಡ್ರಿ" ಎಂದು ಮರುದಿನ ಸ್ಟಾಫ್ ರೂಮಿನ ತುಂಬ ಓಡಾಡುತ್ತ ಹೇಳಿದರು. "ಯಾರ ಮಗ, ಯಾವ ಓಣಿ ಕೇಳಂಗಿಲ್ಲ. ಆಡಿದ್ಯೋ, ಏರು. ಆಡ್ಲಿಲ್ಲೋ, ಇಳಿ. ಇಳದವ್ರಿಗೂ ಮುಂದಿನ ವರ್ಷ ಅದ."

ಗೆಳೆಯ ಊರಿಗೆ ಹೋದ ಮೇಲೆ ಕಾರ್ಡು ಬರೆಯತೊಡಗಿದ. ಒಂದು ಕಡೆ ಸಮುದ್ರದ ಚಿತ್ರ, ಇನ್ನೊಂದು ಕಡೆ ಆ ತಿಂಗಳ ಫಲಿತಾಂಶ. ಮೊಬೈಲು ಬಂದ ಮೇಲೂ ಕಾರ್ಡು ನಿಲ್ಲಲಿಲ್ಲ. ಆ ತಂಡದ ಗೋಲ್‌ಕೀಪರನ ಮೊಣಕಾಲು ನೋವು ನಮ್ಮ ಸ್ಟಾಫ್ ರೂಮಿಗೆ ಗೊತ್ತಿತ್ತು. ಆ ತಂಡ ಸೋತ ಸುದ್ದಿ ಬಂದ ಸೋಮವಾರ ಪಿ.ಟಿ. ಸರ್ ಮಕ್ಕಳಿಗೆ ಎರಡು ಸುತ್ತು ಹೆಚ್ಚು ಓಡಿಸಿ, ತಾವೂ ಅವರ ಜೊತೆ ಓಡುತ್ತಿದ್ದರು.

ಒಂದು ವರ್ಷ ಆ ತಂಡ ಮೂರನೇ ದರ್ಜೆಯಲ್ಲಿ ಎರಡನೆಯ ಸ್ಥಾನಕ್ಕೆ ಬಂತು. ಏರಬೇಕಾಗಿತ್ತು. ಏರಿಸಲಿಲ್ಲ. ಮೈದಾನದಲ್ಲಿ ಕೂಡಲು ಜಾಗ ಸಾಲದು, ದೀಪ ಸಾಲದು, ಎರಡನೇ ದರ್ಜೆಗೆ ಬೇಕಾದ ಪರವಾನಗಿ ಇಲ್ಲ ಎಂದು ಅಲ್ಲೇ ಉಳಿಸಿದರು. ಕಾರ್ಡು ಹಿಡಿದುಕೊಂಡು ಅವರು ನನ್ನ ತರಗತಿಯ ಬಾಗಿಲಿಗೇ ಬಂದರು.

"ಗೆದ್ದವ್ರನ್ನ ಬಾಗಿಲದಾಗ ನಿಲ್ಲಿಸ್ಯಾರ್ರೀ ಮೇಡಂ! ನಿಮ್ಮ ಮನಿ ಸಣ್ಣದದ ಅಂತ ಒಳಗ ಬಿಟ್ಟಿಲ್ಲ!"

ಮಕ್ಕಳು ತಿರುಗಿ ನೋಡಿದರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ನಗು ಬಂದಿತ್ತು, ತಡೆದುಕೊಂಡೆ. ಎಲ್ಲಿಯ ಸಮುದ್ರದಂಡೆ, ಎಲ್ಲಿಯ ನಾವು ಎಂದು ಅನಿಸಿತ್ತು.

ಆ ಬೇಸರ ಇಳಿಯುವ ಮೊದಲೇ ಅವರು ನಮ್ಮ ಕಡೆಯೇ ಒಂದು ಲೀಗು ಮಾಡುತ್ತೇನೆಂದು ಹೊರಟರು. ನಮ್ಮಲ್ಲಿ ಕಬಡ್ಡಿ, ವಾಲಿಬಾಲು, ಫುಟ್‌ಬಾಲನ್ನು ಕೇಳುವವರಿರಲಿಲ್ಲ. ಆದರೂ ಅವರು ಸೈಕಲ್ಲು, ಬಸ್ಸು, ಟಂಟಂ ಹತ್ತಿ ಕಾಲುವೆ ಹಿಡಿದು ಊರೂರು ತಿರುಗಿದರು. ಕಾಲುವೆ ಬಂದು ವರ್ಷಗಳೇ ಕಳೆದಿದ್ದವು. ನೀರು ಮೊದಲು ಸಿಗುವ ತಲೆಯ ಕಡೆಯ ಊರುಗಳಲ್ಲಿ ಭತ್ತ, ಟ್ರ್ಯಾಕ್ಟರು, ಹೊಸ ಮನೆ. ಕೊನೆಯಂಚಿನ ಊರುಗಳಲ್ಲಿ ಕಾಲುವೆ ಇತ್ತು, ನೀರು ಬರುವುದು ಮಾತ್ರ ಅಪರೂಪ. ಒಂದೇ ಕಾಲುವೆಯ ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದುದು ನೀರಿನ ಜಗಳಕ್ಕೆ ಮಾತ್ರ. ಅಂಥ ಹತ್ತು ಊರಿನ ದುಡಿಯುವ ಹುಡುಗರನ್ನು, ಟ್ರ್ಯಾಕ್ಟರ್ ಓಡಿಸುವವರು, ಮನೆ ಕಟ್ಟುವ ಗೌಂಡಿಗಳು, ಕೂಲಿಯವರನ್ನು, ಅವರು ಹೇಗೋ ಒಪ್ಪಿಸಿದರು. ಐದು ತಂಡ ಮೇಲಿನ ದರ್ಜೆ, ಐದು ತಂಡ ಕೆಳಗಿನ ದರ್ಜೆ. ದಸರಾ ಮುಗಿದ ಮೇಲೆ ಯುಗಾದಿಯ ತನಕ, ಪ್ರತಿ ರವಿವಾರ ಬೆಳಿಗ್ಗೆ ಆಟ.

ಕಾಯ್ದೆಗಳನ್ನು ಅವರೇ ಕಟ್ಟಿದರು. ಆಟ ಮುಗಿದ ಮೇಲೆ ಎರಡೂ ತಂಡ ಸಾಲಾಗಿ ನಿಂತು ನೋಡಲು ಬಂದವರಿಗೆ ತಲೆ ಬಾಗಿಸಬೇಕು; ಅದು ಜಪಾನಿನದು. ಮೊದಲ ಸಲ ಹಾಗೆ ಬಾಗಿದಾಗ ಆಡು ಮೇಯಿಸಲು ಬಂದಿದ್ದ ಮುದುಕಿಯೊಬ್ಬಳು ಗಾಬರಿಯಾಗಿ ತಾನೂ ಕೈ ಮುಗಿದುಬಿಟ್ಟಳು. ವರ್ಷದ ಕೊನೆಗೆ ಮೇಲಿನ ದರ್ಜೆಯ ಕಡೆಯ ತಂಡ, ಕೆಳಗಿನ ದರ್ಜೆಯ ಮೊದಲ ತಂಡದ ಎದುರು ಒಂದು ನಿರ್ಣಾಯಕ ಪಂದ್ಯ ಆಡಬೇಕು. ಗೆದ್ದವರು ಮೇಲೆ, ಸೋತವರು ಕೆಳಗೆ. ಆ ಪಂದ್ಯ ಕೆಳಗಿನವರ ಊರಲ್ಲೇ ನಡೆಯಬೇಕು. ಆಟದ ನಂತರ ಆ ಊರವರು ಹಾಕಿದ ಊಟವನ್ನು ಎರಡೂ ತಂಡ ಒಂದೇ ಸಾಲಲ್ಲಿ ಕೂತು ಉಣ್ಣಬೇಕು. ಈ ಎರಡು ಕಾಯ್ದೆ ಅವರ ಸ್ವಂತದವು.

"ಪಟ್ಟಿ ಹಾಕ್ಲಿಕ್ಕೆ ನನಗ ಬರಂಗಿಲ್ಲ. ನೀವು ಗಣಿತದವ್ರು, ನೀವು ಹಾಕ್ರಿ" ಎಂದು ನೂರು ಹಾಳೆಯ ನೋಟುಬುಕ್ಕನ್ನು ನನಗೆ ಕೊಟ್ಟರು. "ನೀವ್ ಬರದದ್ದೇ ಖರೆ. ಅದರ ಮ್ಯಾಲ ನಾನೂ ಮಾತಾಡಂಗಿಲ್ಲ." ಬರುವುದಿಲ್ಲ ಎಂದದ್ದು ಸುಳ್ಳು. ಎರಡು ವರ್ಷದ ಹಿಂದಿನ ಪಂದ್ಯದ ಗೋಲುಗಳನ್ನೂ ಅವರು ಬಾಯಲ್ಲೇ ಹೇಳುತ್ತಿದ್ದರು. ಪಟ್ಟಿ ಬೇರೆಯವರ ಕೈಯಲ್ಲಿರಲಿ ಎಂದಷ್ಟೇ ಅವರ ಆಸೆ.

ಮೊದಲ ವರ್ಷ ವನದುರ್ಗದ ತಂಡ ಕೆಳಗಿಳಿಯಿತು. ದಾರಿಯುದ್ದಕ್ಕೂ ಬೈದುಕೊಳ್ಳುತ್ತ ಹೋದರು, ಮರುವರ್ಷ ಏರಿ ಬಂದರು. ಮೂರನೆಯ ವರ್ಷ ನನ್ನ ಸರದಿ ಬಂತು.

ನನ್ನ ತವರೂರು ಕಾಲುವೆಯ ತಲೆಯ ಕಡೆಯದು. ನಮ್ಮದು ಲಿಂಗಾಯತ ಒಕ್ಕಲುತನದ ಮನೆ, ಊರಲ್ಲಿ ಮಾತು ನಡೆಯುವ ಮನೆ. ನಮ್ಮ ಊರಿನ ತಂಡಕ್ಕೆ ಅಂಗಿ ಹೊಲಿಸಿದ್ದು, ಟ್ರ್ಯಾಕ್ಟರು ಕೊಟ್ಟು ಕಳಿಸುತ್ತಿದ್ದುದು ನನ್ನ ಅಣ್ಣ. ಆ ವರ್ಷ ನಮ್ಮ ತಂಡವೂ ಬೋನಾಳದ ತಂಡವೂ ಸಮ ಅಂಕ ಗಳಿಸಿ ಮೇಲಿನ ದರ್ಜೆಯ ತಳದಲ್ಲಿ ನಿಂತವು. ಗೋಲುಗಳ ಲೆಕ್ಕದಲ್ಲಿ ನಮ್ಮದು ಬೋನಾಳಕ್ಕಿಂತ ಎರಡು ಕಡಿಮೆ. ಅಂದರೆ ನಿರ್ಣಾಯಕ ಪಂದ್ಯ ನಮ್ಮದು. ಕೆಳಗಿನ ದರ್ಜೆಯಲ್ಲಿ ಮೊದಲು ಬಂದಿದ್ದುದು ಕಾಲುವೆಯ ಕೊನೆಯಂಚಿನ ಒಂದು ಊರಿನ ತಂಡ. ಹನ್ನೊಂದಕ್ಕೆ ಹನ್ನೊಂದೂ ಅಲ್ಲಿಯ ಕೇರಿಯ ಹುಡುಗರು.

ಆ ರವಿವಾರ ನಾನು ತವರಿಗೆ ಹೋಗಿದ್ದೆ. ನೋಟುಬುಕ್ಕು ಚೀಲದಲ್ಲಿತ್ತು. ಅಣ್ಣ ಊಟಕ್ಕೆ ಕೂತವನು ಕೇಳಿದ. "ಅವರ ಊರಿಗಿ ನಾವು ಹೋಗಿ, ಅವರ ಕೇರಿ ಅಂಗಳದಾಗ ಕುಂತು ಉಣ್ಣಬೇಕೇನು?"

"ಕಾಯ್ದೆ ಹಂಗದ ಅಣ್ಣಾ. ನೀನೂ ಹೂಂ ಅಂದಿದ್ದಿ."

"ಆವಾಗ ಅವ್ರು ಮೇಲ ಬರ್ತಾರಂತ ಯಾರಿಗಿ ಗೊತ್ತಿತ್ತು?"

ಮಾತು ಅಲ್ಲಿಗೇ ನಿಂತಿತು. ಸೋಮವಾರ ಶಾಲೆಯಲ್ಲಿ ನೋಟುಬುಕ್ಕು ತೆರೆದಾಗ ಕಂಡಿತು: ನಮ್ಮ ಊರು ಮೂರು–ಸೊನ್ನೆಯಿಂದ ಗೆದ್ದಿದ್ದ ಒಂದು ಪಂದ್ಯ, ಎಂಟು–ಸೊನ್ನೆ ಆಗಿತ್ತು. ನನ್ನ ಮೂರಕ್ಕೆ ತಲೆ ಚಪ್ಪಟೆ ಇರುತ್ತದೆ. ಆ ಎಂಟಿಗೂ ತಲೆ ಚಪ್ಪಟೆಯಿತ್ತು. ಎಡಗಡೆ ಎರಡು ಗೆರೆ ಕೂಡಿಸಿದ್ದರು, ಅಷ್ಟೇ. ಕೆಳಗೆ ಮೊತ್ತವನ್ನೂ ತಿದ್ದಿದ್ದರು. ಈಗ ನಿರ್ಣಾಯಕ ಪಂದ್ಯಕ್ಕೆ ಆ ಊರಿಗೆ ಹೋಗಬೇಕಾದವರು ಬೋನಾಳದವರು.

ನಾನು ಯಾರಿಗೂ ಹೇಳಲಿಲ್ಲ. ನನಗೆ ನಾನೇ ಎಷ್ಟೋ ಸಮಾಧಾನ ಹೇಳಿಕೊಂಡೆ. ಹಳ್ಳಿಯ ಹುಡುಗರ ಆಟ. ಇಲ್ಲದ ಜಗಳ ತಪ್ಪಿತು. ಬೋನಾಳದವರು ಜಗಳಗಂಟರಲ್ಲ, ಹೋಗಿ ಆಡಿ ಉಂಡು ಬರುತ್ತಾರೆ. ಸೋಮವಾರ ಹೋಯಿತು, ಮಂಗಳವಾರ ಹೋಯಿತು. ಪಾಠ ಮಾಡುವಾಗ ಹಲಗೆಯ ಮೇಲೆ ಮೂರು ಬರೆಯಲು ಕೈ ತಡೆಯುತ್ತಿತ್ತು. ಮನೆಯವರು, "ಮೈಯಾಗ ಆರಾಮಿಲ್ಲೇನು?" ಎಂದು ಕೇಳಿದರು. ಏನೋ ಹೇಳಿದೆ.

ಬುಧವಾರ ಪಿ.ಟಿ. ಸರ್ ಬಂದು ಪಟ್ಟಿ ಕೇಳಿದರು. ನಾನು ಓದಿದೆ. ಆ ಸಾಲಿಗೆ ಬಂದಾಗ ನನ್ನ ದನಿ ಬದಲಾಗಲಿಲ್ಲ; ಅದು ಇವತ್ತಿಗೂ ನನಗೆ ನಾಚಿಕೆಯ ಸಂಗತಿ.

"ಎಂಟು?" ಎಂದರು.

"ಎಂಟು."

ಅವರು ನೋಟುಬುಕ್ಕನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಬಗ್ಗಿಯೂ ನೋಡಲಿಲ್ಲ. "ಹಂಗಾದ್ರ ಬೋನಾಳ. ಐತವಾರ ನಿಮ್ಮ ಊರಾಗ ಹೇಳೂಣು" ಎಂದು ಹೊರಗೆ ಹೋದರು. ಕಿಟಕಿಯಿಂದ ನೋಡಿದೆ. ಸುಡುವ ಬಿಸಿಲಲ್ಲಿ ಖಾಲಿ ಮೈದಾನವನ್ನು ಸುತ್ತುತ್ತಿದ್ದರು, ಸುತ್ತುತ್ತಲೇ ಇದ್ದರು.

ರವಿವಾರ ನಾನೂ ಬರುತ್ತೇನೆಂದೆ. "ನೀವ್ಯಾಕ್ರಿ ಮೇಡಂ, ಬ್ಯಾಡ್ರಿ" ಎಂದರು. ಆದರೂ ಹೊರಟೆ. ನಮ್ಮ ಊರಿನ ಹೋಟೆಲಿನ ಮುಂದೆ ಹತ್ತೂ ತಂಡದ ನಾಯಕರು, ಊರ ಮಂದಿ ಸೇರಿದ್ದರು. ಅಣ್ಣ ಕಟ್ಟೆಯ ಮೇಲೆ ಕೂತಿದ್ದ. ಕೊನೆಯಂಚಿನ ಊರಿನ ನಾಯಕ, ಗೌಂಡಿ ಕೆಲಸದ ಉದ್ದನೆಯ ಹುಡುಗ, ರಸ್ತೆಯ ಆಚೆ ಬೇವಿನ ಮರದ ಕೆಳಗೆ ನಿಂತಿದ್ದ. ಯಾರೂ ಅವನನ್ನು ಈಚೆ ಕರೆದಿರಲಿಲ್ಲ.

ಪಿ.ಟಿ. ಸರ್ ಪಟ್ಟಿ ಹೇಳಲು ಬಾಯಿ ತೆರೆದರು. "ಮೇಲಿನ ದರ್ಜೆದಾಗ ಕಡೀಗೆ ಬಂದವ್ರು..." ಎಂದು ಒಂದು ಕ್ಷಣ ನಿಂತರು. ನನ್ನ ಕಡೆ ನೋಡಲಿಲ್ಲ.

"ನಮ್ಮ ಊರು" ಎಂದೆ ನಾನು. "ಕಡೀಗೆ ಬಂದದ್ದು ಬೋನಾಳ ಅಲ್ಲ. ನಮ್ಮ ಊರು. ನಾ ಬರದದ್ದು ಮೂರು. ಅದನ್ನ ಎಂಟು ಮಾಡ್ಯಾರ. ಬುಧವಾರ ನಾನೂ ಸುಳ್ಳು ಓದೀನಿ."

ಯಾರು ಮಾಡಿದರೆಂದು ನಾನು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಅಣ್ಣ ಕಟ್ಟೆಯಿಂದ ಇಳಿದು ಬಂದ. "ನೀ ಯಾವ ಮನಿ ಮಗಳಂತ ಮರತಿ?" ಎಂದ. ಇಡೀ ಮಂದಿಯ ಮುಂದೆ ಮೆಲ್ಲಗೆ ಕೇಳಿದ. ಕೂಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಆಮೇಲೆ ಪಿ.ಟಿ. ಸರ್ ಕಡೆ ತಿರುಗಿದ. "ಆತ್ರಿ, ನಾವೇ ಕಡೀಗೆ ಬಂದೀವಿ ಅನ್ನೂಣು. ನಿಮ್ಮ ಜಪಾನಿನಾಗ ಮೈದಾನ ಸರಿ ಇಲ್ಲಂದ್ರ ಗೆದ್ದವ್ರನ್ನೂ ಮೇಲ ಬಿಡಂಗಿಲ್ಲಂತ. ನೀವೇ ಊರ ತುಂಬ ಹೇಳೀರಿ. ಅವರ ಮೈದಾನ ಎಂಥಾದ್ದದ? ಖರೆ ಹೇಳ್ರಿ, ಆ ಕಾಯ್ದೆ ಅದನೋ ಇಲ್ಲೋ?"

ಇಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಅಲ್ಲಿ ಯಾರಿಗೆ ಗೊತ್ತಿತ್ತು? ಪಿ.ಟಿ. ಸರ್ ಮುಖ ಒರೆಸಿಕೊಂಡರು.

"ಅದರಿ. ಆ ಕಾಯ್ದೆ ಅದ. ನನಗ ಸೇರಂಗಿಲ್ಲ, ಆದ್ರ ಅದ."

ಬೇವಿನ ಮರದ ಕೆಳಗಿದ್ದ ಗೌಂಡಿ ಹುಡುಗ ಆಗ ರಸ್ತೆ ದಾಟಿ ಬಂದ. "ಬಂದು ನೋಡ್ರಲ್ಲ" ಎಂದ. "ಸರಿ ಇಲ್ಲಂದ್ರ ನಾವು ಈ ವರ್ಷ ಕೆಳಗೇ ಇರ್ತೀವಿ."

ಎರಡು ದಿನದ ಮೇಲೆ ನಮ್ಮ ಊರಿನ ನಾಲ್ಕು ಜನ ಮೈದಾನ ನೋಡಲು ಹೋದರು. ಅಣ್ಣ ಹೋಗಲಿಲ್ಲ, ತಂಡದ ನಾಯಕನನ್ನು ಕಳಿಸಿದ. ಅವನು ನಮ್ಮದೇ ಟ್ರ್ಯಾಕ್ಟರಿನ ಡ್ರೈವರು. ನಾನೂ ಪಿ.ಟಿ. ಸರ್ ಜೊತೆ ಹೋಗಿದ್ದೆ. ನಮ್ಮ ಊರಿನ ಮೈದಾನ ಅಷ್ಟು ಹೊತ್ತಿಗೆ ಭತ್ತದ ಗದ್ದೆಗಳ ಬಸಿನೀರು ನಿಂತು ಸವಳಾಗಿತ್ತು, ಚೆಂಡು ಪುಟಿಯುತ್ತಿರಲಿಲ್ಲ. ಇಲ್ಲಿ ನೀರೇ ಬಾರದ್ದರಿಂದ ನೆಲ ಹಂಚಿನ ಹಾಗೆ ಗಟ್ಟಿಯಿತ್ತು. ಕಲ್ಲು ಒಂದೊಂದಾಗಿ ಆರಿಸಿದ್ದರು. ಜಾಲಿಯ ಕಂಬ ನೆಟ್ಟು ಗೋಲು ಮಾಡಿ, ಹಿಂದೆ ಹಳೆಯ ಮೀನಿನ ಬಲೆ ಕಟ್ಟಿದ್ದರು. ನೋಡುವವರಿಗೆ ಕೂಡಲು ಕೇರಿಯ ಹೆಂಗಸರು ಮಣ್ಣು ಬಡಿದು ಮೂರು ಸಾಲು ಕಟ್ಟೆ ಮಾಡಿದ್ದರು, ಸಗಣಿ ಸಾರಿಸಿದ್ದು ಇನ್ನೂ ಹಸಿಯಿತ್ತು. ಡ್ರೈವರು ಚೆಂಡನ್ನು ನೆಲಕ್ಕೆ ಬಡಿದ. ಅದು ಅವನ ಎದೆಯ ಮಟ್ಟಕ್ಕೆ ಎದ್ದು ಬಂತು. ಮತ್ತೊಮ್ಮೆ ಬಡಿದ. ಅವನ ಮುಖದಲ್ಲಿ ಬಂದ ಸಂತೋಷ ಬರೀ ಆಟಗಾರನದು.

"ನಮ್ಮದಕ್ಕಿಂತ ಭಾಳ ಚಲೋ ಅದರಿ ಸರ್" ಎಂದ.

ಅಣ್ಣ ಟ್ರ್ಯಾಕ್ಟರು ಕೊಡುವುದಿಲ್ಲ ಎಂದ. ಹೋದವರಿಗೆ ಕೆಲಸವಿಲ್ಲ ಎಂದೂ ಅಂದನಂತೆ. ಪಂದ್ಯದ ಬೆಳಿಗ್ಗೆ ನಾವು ಆ ಊರಲ್ಲಿ ಕಾಯುತ್ತಿದ್ದೆವು. ಮಣ್ಣಿನ ಕಟ್ಟೆ ತುಂಬಿತ್ತು. ಒಲೆಯ ಮೇಲೆ ಹುಗ್ಗಿ ಕುದಿಯುತ್ತಿತ್ತು. ಪಿ.ಟಿ. ಸರ್ ಕಾಲುವೆಯ ಏರಿ ಹತ್ತುವುದು, ಇಳಿಯುವುದು. ಹೇಳಿದ್ದ ಹೊತ್ತು ಮೀರಿತು. "ಬರಂಗಿಲ್ಲ ಬಿಡ್ರಿ" ಎಂದು ಯಾರೋ ಅಂದರು. ಅವರು ಕೇಳಿಸಿಕೊಳ್ಳದವರಂತೆ ಇನ್ನೊಮ್ಮೆ ಏರಿ ಹತ್ತಿದರು. ಆಮೇಲೆ ಅಲ್ಲಿಂದಲೇ ಎರಡೂ ಕೈ ಎತ್ತಿ ಕೂಗಿದರು.

ಒಣಗಿದ ಕಾಲುವೆಯ ದಂಡೆಯ ಮೇಲೆ ನಡೆದುಕೊಂಡು ಬರುತ್ತಿದ್ದರು. ಒಂಬತ್ತು ಜನ. ಮುಂದೆ ಡ್ರೈವರು. ಅಣ್ಣ ಹೊಲಿಸಿದ್ದ ಅಂಗಿಗಳನ್ನು ಮನೆಯಲ್ಲೇ ಬಿಟ್ಟು, ತಮ್ಮ ತಮ್ಮ ಬಣ್ಣದ ಅಂಗಿಗಳಲ್ಲಿ ಬಂದಿದ್ದರು. ಇಬ್ಬರು ಹೆದರಿ ಹಿಂದೆ ಉಳಿದಿದ್ದರು. ಗೌಂಡಿ ಹುಡುಗ ಎಣಿಸಿ ನೋಡಿ, ತನ್ನವರಲ್ಲಿ ಇಬ್ಬರಿಗೆ ಹೊರಗೆ ಕೂಡಲು ಹೇಳಿದ. ಒಂಬತ್ತಕ್ಕೆ ಒಂಬತ್ತು.

ಆ ಆಟವನ್ನು ವರ್ಣಿಸಲು ನನಗೆ ಬರುವುದಿಲ್ಲ. ಕೇರಿಯ ಹುಡುಗರು ಮೊದಲು ಗೋಲು ಹಾಕಿದರು. ನನ್ನ ಊರಿನವರು ಸಮ ಮಾಡಿದರು. ಕೊನೆಯ ಗಳಿಗೆಯಲ್ಲಿ ಡ್ರೈವರು ದೂರದಿಂದ ಒದ್ದ ಚೆಂಡು ಜಾಲಿಯ ಕಂಬಕ್ಕೆ ಬಡಿದು ಒಳಗೆ ಹೋಯಿತು. ಎರಡು–ಒಂದು. ನನ್ನ ತವರೂರು ಮೇಲೆಯೇ ಉಳಿಯಿತು. ಅಷ್ಟೆಲ್ಲ ಆದಮೇಲೆ, ಕಲ್ಲು ಆರಿಸಿದವರು, ಕಟ್ಟೆ ಸಾರಿಸಿದವರು ಕೆಳಗೇ ಉಳಿದರು.

ಪಿ.ಟಿ. ಸರ್ ಸೀಟಿ ಊದಿ ನನ್ನ ಹತ್ತಿರ ಬಂದರು. "ಬರಕೊಳ್ರಿ ಮೇಡಂ. ಎರಡು, ಒಂದು" ಎಂದರು. ನಾನು ಬರೆದುಕೊಂಡೆ. ಎರಡೂ ತಂಡ ಸಾಲಾಗಿ ನಿಂತು ಕಟ್ಟೆಯ ಕಡೆ ಬಾಗಿದವು. ಕಟ್ಟೆಯ ಮೇಲಿದ್ದ ಹೆಂಗಸರು ಅಳುತ್ತಲೇ ಎದ್ದು ಹುಗ್ಗಿ ಬಡಿಸಲು ಹೋದರು. ಒಂದೇ ಸಾಲು ಕೂತಿತು. ಗೌಂಡಿ ಹುಡುಗನ ಪಕ್ಕದಲ್ಲಿ ಡ್ರೈವರು. ಅವನು ಎರಡನೆಯ ಸಲವೂ ಹಾಕಿಸಿಕೊಂಡ. ನಾನೂ ಆ ಸಾಲಿನಲ್ಲಿ ಕೂತೆ. ಅದು ನನಗೂ ಮೊದಲ ಸಲ ಎಂಬುದನ್ನು ಇಲ್ಲಿ ಮುಚ್ಚಿಡಬಾರದು.

ಜೂನಿನಲ್ಲಿ ಅವರಿಗೆ ವರ್ಗಾವಣೆಯ ಆದೇಶ ಬಂತು. ಯಾರೋ ಅರ್ಜಿ ಬರೆದಿದ್ದರು ಎಂಬ ಮಾತಿತ್ತು. ಯಾರೆಂದು ಹೇಳಲು ನನ್ನಲ್ಲಿ ಪುರಾವೆಯಿಲ್ಲ. ಸಾಮಾನು ಕಟ್ಟಿಕೊಂಡು ಯಾದಗಿರಿಗೆ ಹೋದರು. ಲೀಗನ್ನು ಗೌಂಡಿ ಹುಡುಗನೂ ಡ್ರೈವರೂ ಸೇರಿ ಇನ್ನೂ ಎರಡು ವರ್ಷ ನಡೆಸಿದರು. ಮರುವರ್ಷ ಆ ಕೇರಿಯ ತಂಡ ಏರಿತು. ಆ ಸುದ್ದಿ ತಿಳಿಸಲು ಫೋನು ಮಾಡಿದರೆ ಪಿ.ಟಿ. ಸರ್ ಒಂದೊಂದು ಗೋಲನ್ನೂ ಎರಡೆರಡು ಸಲ ಹೇಳಿಸಿಕೊಂಡರು. ಆಮೇಲೆ ಹುಡುಗರು ಕೆಲಸಕ್ಕೆಂದು ಚದುರಿದರು, ಲೀಗು ನಿಂತಿತು. ಜಪಾನಿನ ಆ ತಂಡವೂ ದೀಪ, ಆಸನ ಎಲ್ಲ ಮಾಡಿಸಿ ಒಂದು ವರ್ಷ ಎರಡನೇ ದರ್ಜೆಗೆ ಏರಿ, ಮರುವರ್ಷವೇ ಮರಳಿ ಮೂರನೆಯದಕ್ಕೆ ಬಂತು. ಅಂದು ಅವರೇ ಫೋನು ಮಾಡಿದ್ದರು. "ಮೇಡಂರಿ, ಇಳದೀವಿ" ಎಂದರು. ಇಳಿದರು ಎನ್ನಲಿಲ್ಲ.

ಅಣ್ಣ ಮಾತ್ರ ಆ ಹೋಟೆಲಿನ ದಿನದಿಂದ ನನ್ನೊಡನೆ ಮಾತು ಬಿಟ್ಟ. ಏಳು ವರ್ಷ. ಪಂಚಮಿಗೆ ಕರೆಯಲಿಲ್ಲ. ನನ್ನ ಮಗಳ ಮದುವೆಗೆ ಬರಲಿಲ್ಲ.

ಬೀಳ್ಕೊಡುಗೆ ಮುಗಿದ ಮೇಲೆ ಪಿ.ಟಿ. ಸರ್ ನನ್ನನ್ನು ಯಾದಗಿರಿಯ ಬಸ್‌ಸ್ಟ್ಯಾಂಡಿನ ತನಕ ಬಿಡಲು ಬಂದರು. ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದುದನ್ನು ಕೇಳಿಬಿಟ್ಟೆ.

"ಸರ್, ಅವತ್ತ ನಾ ಬಾಯಿ ಬಿಡದಿದ್ರ ಬೋನಾಳದ ಹೆಸರು ಹೇಳ್ತಿದ್ರೇನು?"

"ಹೇಳ್ತಿದ್ದೆ."

"ಮೂರಂತ ನಿಮಗ ಗೊತ್ತಿತ್ತು."

"ಗೊತ್ತಿತ್ರಿ. ನಾನೇ ಸೀಟಿ ಊದೀನಿ ಆ ಆಟಕ್ಕ." ಸ್ವಲ್ಪ ನಡೆದರು. "ನೀವ್ ಬರದದ್ದೇ ಖರೆ ಅಂದಿದ್ದೆ. ಹೇಳಿ, ಅಲ್ಲೇ ಲೀಗ್ ಬಂದ್ ಮಾಡಿ, ಮನಿಗಿ ಬರ್ತಿದ್ದೆ."

ಆ ಬುಧವಾರ ಅವರು ಮೈದಾನ ಸುತ್ತಿದ್ದು ಏನನ್ನು ಹೊತ್ತುಕೊಂಡು ಎಂದು ನನಗೆ ಆಗ ತಿಳಿಯಿತು. ಅವರೇ ಕೇಳಿದರು. "ಅಣ್ಣಾವ್ರು ಮಾತಾಡ್ತಾರ?"

"ಇಲ್ರಿ."

ಅವರು ನಡೆಯುವುದನ್ನು ನಿಲ್ಲಿಸಿದರು. "ಏಳು ವರ್ಷ ಸುಮ್ಮ ಕುಂತೀರಾ? ಐತವಾರ ಹೋಗೂಣು."

"ನೀವ್ಯಾಕ್ರಿ ಸರ್? ಅವ ನಿಮಗ ಏನರೆ ಅಂದ್ರ?"

"ಅಂದ್ರ ಅಂತಾರ. ನಾ ಈಗ ಖಾಲಿ ಇದೀನಿ."

ಹೋದೆವು. ಅಣ್ಣನ ಮನೆಯ ಬಾಗಿಲು ಹಾಕಿತ್ತು. ನನಗೆ ಚಿಲಕ ಬಡಿಯಲು ಕೈ ಬರಲಿಲ್ಲ. ಪಿ.ಟಿ. ಸರ್ ಮುಂದೆ ಹೋಗಿ ಬಡಿದು, ಎರಡು ಹೆಜ್ಜೆ ಹಿಂದೆ ಸರಿದು ಅಂಗಳದಲ್ಲಿ ನಿಂತರು. ಕಿಟಕಿಯಲ್ಲಿ ಅಣ್ಣನ ಮುಖ ಕಾಣಿಸಿ ಮರೆಯಾಯಿತು. ಬಹಳ ಹೊತ್ತು ಏನೂ ಸದ್ದಿಲ್ಲ. ವಾಪಸು ಹೋಗೋಣವೆಂದು ನಾನು ತಿರುಗಿದಾಗ ಬಾಗಿಲು ತೆರೆಯಿತು. ಅಣ್ಣನ ಕೂದಲೆಲ್ಲ ಬೆಳ್ಳಗಾಗಿತ್ತು. ಅವನು ನನ್ನನ್ನು ದಾಟಿ ಅಂಗಳದಲ್ಲಿ ನಿಂತವರನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ನೀ ಒಬ್ಬಾಕಿನೇ ಬಂದಿದ್ರ ತೆಗೀತಿದ್ದಿಲ್ಲ" ಎಂದ.

ಆಮೇಲೆ ಹೊಸ್ತಿಲು ಬಿಟ್ಟು ಪಕ್ಕಕ್ಕೆ ಸರಿದು ಅವರಿಗೆ, "ಒಳಗ ಬರ್ರಿ ಸರ್" ಎಂದ.